ಹುಳ ಹಿಡ್ಕೊಂಡು ಬಂದವರು

ಬೆಳಿಗ್ಗೆ ಅಂಗಡಿ ಬಾಗಿಲು ತೆಗೆದು, ದೇವರ ಪಟಕ್ಕೆ ಊದಿನಕಡ್ಡಿ ಹಚ್ಚಿ ಮುಗಿಸುವುದರೊಳಗೆ ಯಾರಾದರೊಬ್ಬರು ಹುಳ ಹಿಡಿದುಕೊಂಡು ಬಂದು ನಿಂತಿರುತ್ತಾರೆ. ಬೆಂಕಿಪೊಟ್ಟಣದಲ್ಲಿ ಹುಳ, ಹಾರ್ಲಿಕ್ಸ್ ಬಾಟಲಿಯಲ್ಲಿ ಹುಳ, ಕರ್ಚೀಫಿನಲ್ಲಿ ಗಂಟು ಹಾಕಿಕೊಂಡ ಹುಳ. ಒಬ್ಬರು ಮಾತ್ರ ಬರಿಗೈಲಿ ಬಂದು, "ಹುಳ ಶರ್ಟಿನ ಜೇಬಲ್ಲಿತ್ತು ಕಣ್ರೀ, ಬಸ್ಸಲ್ಲಿ ಎಲ್ಲೋ ಇಳ್ಕೊಂಡ್ಬುಟ್ಟಿದೆ" ಅಂದಿದ್ದರು.

ಅಗ್ರಹಾರದಲ್ಲಿ ನಮ್ಮ ಮಾವನವರ ಕಾಲದ ಗ್ರಂಧಿಗೆ ಅಂಗಡಿ ಇದೆ. ಅರಿಶಿನಕೊಂಬು, ಸೀಗೆಪುಡಿ, ನೆಲ್ಲಿಚೆಟ್ಟು ಮಾರುವುದು ನನ್ನ ಯಜಮಾನರ ಪಾಲು. ಆ ಕಡೆ ಅರ್ಧ ಅವರದು, ಈ ಕಡೆ ಅರ್ಧ ನನ್ನದು. ನನ್ನ ಅರ್ಧದಲ್ಲಿ ತರಕಾರಿ ಬೀಜ, ಕುಂಡ, ಬೇವಿನಹಿಂಡಿ, ಬೇವಿನೆಣ್ಣೆ. ತಾರಸಿ ಮೇಲೆ ಬದನೆ, ಬೆಂಡೆ, ಹೀರೆ ಬೆಳೆಯುವ ಹುಚ್ಚು ಮೈಸೂರಿನಲ್ಲಿ ಹತ್ತಿದ್ದೇ ಹತ್ತಿದ್ದು, ನನ್ನ ಕಡೆಯ ಅರ್ಧಕ್ಕೆ ಜನ ಜಾಸ್ತಿಯಾದರು. ಅದು ಯಜಮಾನರಿಗೆ ಸ್ವಲ್ಪ ಹೊಟ್ಟೆಯುರಿ. "ನಿನ್ನ ಗಿರಾಕಿಗಳು ಬಿಟ್ಟು ಹೋದ ಹುಳ ನನ್ನ ಸೀಗೇಕಾಯಿ ಮೂಟೆ ಹತ್ತುತ್ತೆ" ಅಂತ ಆಗಾಗ ಗೊಣಗುತ್ತಾರೆ.

ಗೊಣಗಲಿ. ಗಿಡಕ್ಕೆ ಹುಳ ಬಿದ್ದ ಮನುಷ್ಯನಷ್ಟು ಗಾಬರಿಯಾಗಿರುವ ಜೀವ ಇನ್ನೊಂದಿಲ್ಲ, ಗಾಬರಿಯಾದವರ ನಡುವೆ ದಿನವಿಡೀ ಕೂತರೆ ನಗುವ ಪ್ರಸಂಗಗಳಿಗೆ ಬರವಿಲ್ಲ. ಅವುಗಳಲ್ಲಿ ಮನೆಮಂದಿ ಪದೇ ಪದೇ ಹೇಳಿಸಿಕೊಂಡು ನಗುವ ಕೆಲವನ್ನು ಇಲ್ಲಿ ಬರೆದಿದ್ದೇನೆ.

ಘಮಘಮಿಸುವ ಔಷಧಿ

ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಹಿರಿಯರು ಒಂದು ದಿನ ಸ್ಟೀಲ್ ಡಬ್ಬಿ ಹಿಡಿದು ಬಂದರು. ಮುಚ್ಚಳ ತೆಗೆದರೆ ಅವರೆ ಎಲೆಯ ಮೇಲೆ ದಪ್ಪಗೆ, ಹಸಿರಾಗಿ, ಬಹಳ ನೆಮ್ಮದಿಯಾಗಿ ಒಂದು ಹುಳ ಮಲಗಿತ್ತು.

"ನೋಡಿಮ್ಮ, ನನ್ನ ಪೆನ್ಷನ್ನಿಗಿಂತ ಚೆನ್ನಾಗಿ ಇದು ಊಟ ಮಾಡ್ತಿದೆ" ಅಂದರು.

ಬೇವಿನೆಣ್ಣೆ ಹೇಗೆ ಬೆರೆಸಬೇಕು, ಯಾವಾಗ ಸಿಂಪಡಿಸಬೇಕು ಅಂತ ಹೇಳಿದೆ. "ಎಲೆ ಮೇಲೆ ಬೂದಿ ಥರ ಏನೋ ಇದೆ, ಅದಕ್ಕೆ?" ಅಂದರು. ಅದಕ್ಕೆ ಹುಳಿ ಮಜ್ಜಿಗೆಗೆ ನೀರು ಬೆರೆಸಿ ಹಾಕಿ ಸಾಕು ಅಂದೆ. ಅಷ್ಟರಲ್ಲಿ ಇನ್ನೂ ನಾಲ್ಕು ಜನ ಬಂದರು, ಕುಂಡ ಎತ್ತಿಕೊಡುವುದು, ಬೀಜ ತೆಗೆದುಕೊಡುವುದು ಅಂತ ಗಡಿಬಿಡಿ. ಅವರು ಕೌಂಟರ್ ಮೇಲಿದ್ದ ಡಬ್ಬಿ ಎತ್ತಿಕೊಂಡು, "ಬರ್ತೀನಮ್ಮ, ತುಂಬ ಉಪಕಾರವಾಯ್ತು" ಅಂತ ಹೊರಟುಹೋದರು.

ಮಧ್ಯಾಹ್ನ ಹಸಿವಾಗಿ, ಕೌಂಟರ್ ಮೇಲೇ ಇಟ್ಟಿದ್ದ ನನ್ನ ಊಟದ ಸ್ಟೀಲ್ ಡಬ್ಬಿ ತೆಗೆದೆ. ಒಳಗೆ ಅದೇ ಹುಳ. ಎಲೆಯನ್ನೆಲ್ಲ ತಿಂದು ಮುಗಿಸಿ, ಮುಂದೇನು ಬಡಿಸ್ತೀರಿ ಅಂತ ಕಾಯುವ ಹಾಗೆ ತಲೆ ಎತ್ತಿ ನನ್ನನ್ನೇ ನೋಡುತ್ತಿತ್ತು.

ಸರಿ, ನನ್ನ ಮೊಸರನ್ನ ಆ ಹಿರಿಯರ ಮನೆಗೆ ಹೋಗಿದೆ, ಊಟವಾದರೂ ಮಾಡಿರುತ್ತಾರೆ ಬಿಡು ಅಂದುಕೊಂಡು ಪಕ್ಕದ ಹೋಟೆಲಿನಿಂದ ಇಡ್ಲಿ ತರಿಸಿ ತಿಂದೆ. ಸಂಜೆ ಅವರ ಫೋನ್ ಬಂತು. ಹೇಳೋಣ ಅಂತ ಬಾಯಿ ತೆಗೆಯುವುದರೊಳಗೆ ಅವರೇ ಶುರು ಮಾಡಿದರು.

"ಅಮ್ಮ, ನೀವು ಡಬ್ಬೀಲಿ ಹಾಕಿಕೊಟ್ಟ ಔಷಧಿ ಸಿಂಪಡಿಸಿದೆ. ಸ್ವಲ್ಪ ಗಟ್ಟಿ ಇತ್ತು. ನೀರು ಬೆರೆಸಿ, ಬಟ್ಟೇಲಿ ಸೋಸಿ ಹಾಕಿದ್ರೂ ಪಂಪಿನ ಮೂತಿಗೆ ಅನ್ನ ಸಿಕ್ಕಾಕೊಳ್ತು. ಚುಚ್ಚಿ ತೆಗೆದು ಹೆಂಗೋ ಮುಗಿಸಿದೆ."

ಅವರು ನಿಲ್ಲಿಸದೆ ಮುಂದುವರಿಸಿದರು.

"ನೀವು ಹುಳಿ ಮಜ್ಜಿಗೆ ಅಂದಿದ್ರಿ, ಅದು ಸರಿ. ಇಂಗು, ಕರಿಬೇವು ಹುಳಕ್ಕೆ ಆಗಲ್ಲ ಅಂತ ಹಾಕಿರ್ತೀರಿ, ಅದೂ ಸರಿ. ಸಾಸಿವೆ ಒಗ್ಗರಣೆನೂ ಒಪ್ಪಿಕೊಂಡೆ. ಒಂದೇ ಒಂದು ಅರ್ಥವಾಗಲಿಲ್ಲ, ಅದಕ್ಕೇ ಫೋನ್ ಮಾಡಿದ್ದು. ದಾಳಿಂಬೆ ಕಾಳು ಯಾವ ಹುಳಕ್ಕಮ್ಮ?"

ಮಿಲ್ಲಿನ ಹಿಟ್ಟು

ನಮ್ಮ ಹಿಂದಿನ ಬೀದಿಯಲ್ಲಿ ಒಂದು ಹಳೇ ಮನೆ. ಕೆಳಗೆ ಹಿಟ್ಟಿನ ಮಿಲ್ಲು, ಮೇಲೆ ಕೋರ್ಟಿನಲ್ಲಿ ಟೈಪಿಸ್ಟ್ ಆಗಿರುವ ಒಬ್ಬರ ಸಂಸಾರ. ಟೈಪಿಸ್ಟರು ಬಾಲ್ಕನಿಯಲ್ಲಿ ಬದನೆ, ಬೆಂಡೆ, ಮೆಣಸಿನಗಿಡ ಹಾಕಿದ್ದರು. ಎಷ್ಟೋ ವರ್ಷದಿಂದ ಮೇಲಿನವರೂ ಕೆಳಗಿನವರೂ ಅಣ್ಣತಮ್ಮಂದಿರ ಹಾಗಿದ್ದರು. ಇದ್ದಕ್ಕಿದ್ದ ಹಾಗೆ ಮಾತು ನಿಂತುಹೋಯಿತು.

ಒಂದು ದಿನ ಇಬ್ಬರೂ ನನ್ನ ಅಂಗಡಿಗೇ ಬಂದರು. ಟೈಪಿಸ್ಟರ ಕೈಲಿ ಬದನೆಗಿಡದ ಒಂದು ಕೊಂಬೆ. ಮಿಲ್ಲಿನವರ ತಲೆ, ಹುಬ್ಬು, ಮೀಸೆ ಎಲ್ಲ ಎಂದಿನ ಹಾಗೆ ಬೆಳ್ಳಗೆ.

"ಮೇಡಂ, ನೀವೇ ತೀರ್ಮಾನ ಹೇಳಿ" ಅಂದರು ಟೈಪಿಸ್ಟರು. "ಸದರಿ ಆಸಾಮಿಯ ಮಿಲ್ಲಿನಿಂದ ಹಾರಿ ಬರುವ ಹಿಟ್ಟು ನನ್ನ ಗಿಡದ ಮೇಲೆ ಕೂತು, ಗಿಡ ಉಸಿರುಕಟ್ಟಿ ಸಾಯ್ತಾ ಇದೆ. ಸಾಕ್ಷಿ ತಂದಿದ್ದೀನಿ."

"ನಾನು ಕಿಟಕಿಗೆ ಗೋಣಿಚೀಲ ಕಟ್ಟಿದೀನಿ ಕಣಮ್ಮ" ಅಂದರು ಮಿಲ್ಲಿನವರು. "ಸೆಕೇಲಿ ಬೇಯ್ತಾ ಕೂತಿದೀನಿ. ಆದ್ರೂ ಮೇಲಿಂದ ಬೈಗುಳ ನಿಂತಿಲ್ಲ. ನೋಟಿಸ್ ಕಳಿಸ್ತೀನಿ ಅಂತಾರೆ. ದಿನಾ ರಾಗಿ ಬೀಸಿಕೊಟ್ಟಿದ್ದಕ್ಕೆ ಇದೇನಾ ಮರ್ಯಾದೆ?"

ಕೊಂಬೆ ತೆಗೆದುಕೊಂಡು ನೋಡಿದೆ. ಎಲೆಯ ಬುಡದಲ್ಲಿ ಬೆಳ್ಳಗೆ ಹಿಟ್ಟು ಮೆತ್ತಿದ ಹಾಗೇ ಇತ್ತು. ಅಂಗಡಿಯಲ್ಲಿ ಒಂದು ಭೂತಗನ್ನಡಿ ಇಟ್ಟುಕೊಂಡಿದ್ದೇನೆ. ಅದರಲ್ಲಿ ನೋಡಿದ ಮೇಲೆ ಇಬ್ಬರಿಗೂ ಕೊಟ್ಟೆ. "ಇದು ಹಿಟ್ಟಲ್ಲ ಸಾರ್, ಹಿಟ್ಟು ತಿಗಣೆ. ಮೈಮೇಲೆ ಬಿಳಿ ಮೇಣದ ಪುಡಿ ಇರುತ್ತೆ, ಅದಕ್ಕೇ ಆ ಹೆಸರು. ಗಿಡದ ರಸ ಕುಡಿಯೋ ಹುಳ. ಸೋಪಿನ ನೀರಲ್ಲಿ ಒರೆಸಿ, ಆಮೇಲೆ ಬೇವಿನೆಣ್ಣೆ ಹೊಡೀರಿ, ಹೋಗುತ್ತೆ."

ಟೈಪಿಸ್ಟರು ಒಪ್ಪುವ ಹಾಗೆ ಕಾಣಲಿಲ್ಲ. "ಹುಳ ಅನ್ನೋದಕ್ಕೆ ಏನು ಆಧಾರ?"

"ನೀವೇ ನೋಡಿ, ನಡೀತಾ ಇದೆ."

ಅವರು ಗಾಜಿಗೆ ಕಣ್ಣಿಟ್ಟು ಬಹಳ ಹೊತ್ತು ನೋಡಿದರು. ಒಂದು ಬಿಳಿ ಚುಕ್ಕೆ ನಿಧಾನವಾಗಿ ಎಲೆಯ ಈ ತುದಿಯಿಂದ ಆ ತುದಿಗೆ ಹೊರಟಿತ್ತು. ಆದರೂ ಅಷ್ಟು ದಿನ ಬೈದ ಮೇಲೆ ಸೋಲೊಪ್ಪುವುದು ಸುಲಭವೇ? ಗಂಟಲು ಸರಿ ಮಾಡಿಕೊಂಡು, "ನಡೆದರೆ ಏನಾಯ್ತು? ಇವರ ಮಿಲ್ಲಿನ ಹಿಟ್ಟಲ್ಲ ಅಂತ ಹೇಗೆ ಹೇಳ್ತೀರಿ?" ಅಂದರು.

ಮಿಲ್ಲಿನವರು ಮೀಸೆ ಒರೆಸಿಕೊಂಡು ಹೇಳಿದರು: "ನಮ್ಮ ಮಿಲ್ಲಿನ ಹಿಟ್ಟು ನಡೆಯಲ್ಲ ಸ್ವಾಮಿ. ನಡೆದ್ರೆ, ಅದು ನೀವು ಬೀಸೋಕೆ ತಂದ ಅಕ್ಕಿದು."

ಬೋಗಾದಿಯ ಚಟ್ನಿ

ಬೋಗಾದಿಯಲ್ಲಿ ಮನೆ ಕಟ್ಟಿಸಿ ಮಹಡಿಯನ್ನು ಓದುವ ಹುಡುಗರಿಗೆ ಬಾಡಿಗೆಗೆ ಕೊಟ್ಟಿರುವ ಒಬ್ಬಾಕೆ ನನ್ನ ಖಾಯಂ ಗಿರಾಕಿ. ಒಮ್ಮೆ ಅವರ ಬೆಂಡೆಗಿಡಕ್ಕೆ ಹೇನು ಹತ್ತಿತು. ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ ನುಣ್ಣಗೆ ರುಬ್ಬಿ, ಒಂದು ರಾತ್ರಿ ಇಟ್ಟು, ಮಾರನೇ ದಿನ ನೀರಲ್ಲಿ ಕಲಸಿ ಸೋಸಿ, ಕೊನೆಯಲ್ಲಿ ಸ್ವಲ್ಪ ಸೋಪಿನ ನೀರು ಸೇರಿಸಿ ಹೊಡೀರಿ ಅಂತ ಹೇಳಿಕೊಟ್ಟಿದ್ದೆ.

ಎರಡು ದಿನ ಬಿಟ್ಟು ಮುಖ ಬಿಳಿಚಿಕೊಂಡು ಓಡಿ ಬಂದರು. "ಅಲ್ಲಮ್ಮ, ಅದನ್ನ ಮನುಷ್ಯರು ತಿಂದ್ರೆ ಏನಾಗುತ್ತೆ?"

"ಯಾಕೆ, ಯಾರು ತಿಂದ್ರು?"

ಆದದ್ದು ಇಷ್ಟು. ಮದುವೆಮನೆಗೆ ಆಗುವಷ್ಟು ಮೆಣಸಿನಕಾಯಿ ಹಾಕಿ ರುಬ್ಬಿದ್ದಾರೆ. ಮನೆಯೊಳಗೆ ಇಟ್ಟರೆ ಘಾಟು ಅಂತ ಬಟ್ಟಲಿಗೆ ತಟ್ಟೆ ಮುಚ್ಚಿ ಮಹಡಿ ಮೆಟ್ಟಿಲ ಮೇಲೆ ಇಟ್ಟಿದ್ದಾರೆ, ಬೆಳಿಗ್ಗೆ ತಾರಸಿಗೆ ಒಯ್ಯಲು ಸುಲಭವಾಗಲಿ ಅಂತ. ಬೆಳಿಗ್ಗೆ ನೋಡಿದರೆ ಬಟ್ಟಲು ತೊಳೆದು ಬೋರಲು ಹಾಕಿದೆ. ಹುಡುಗರೆಲ್ಲ ಕಾಲೇಜಿಗೆ ಹೋಗಿದ್ದಾರೆ. ಫೋನ್ ಎತ್ತುತ್ತಿಲ್ಲ.

"ಸೋಪು ಹಾಕಿದ್ರಾ?" ಅಂದೆ.

"ಇಲ್ಲ, ಬೆಳಿಗ್ಗೆ ಹಾಕೋಣ ಅಂತಿದ್ದೆ."

"ಹಾಗಾದ್ರೆ ಜೀವಕ್ಕೇನೂ ಆಗಲ್ಲ ಬಿಡಿ. ಬೆಳ್ಳುಳ್ಳಿ, ಶುಂಠಿ, ಮೆಣಸಿನಕಾಯಿ ತಾನೆ? ಖಾರಕ್ಕೆ ಹೊಟ್ಟೆ ಉರಿಯಬಹುದು ಅಷ್ಟೆ."

ಆದರೂ ಆಕೆಗೆ ಸಮಾಧಾನವಿಲ್ಲ. ಹುಡುಗರ ತಂದೆತಾಯಿಗೆ ಏನು ಹೇಳಲಿ, ಪೊಲೀಸರು ಬಂದರೆ ಏನು ಹೇಳಲಿ ಅಂತ ಅಳುವುದೊಂದು ಬಾಕಿ. ಅವರ ಸಂಕಟ ನೋಡಲಾರದೆ ನಾನೇ ಯಜಮಾನರಿಗೆ ಅಂಗಡಿ ಒಪ್ಪಿಸಿ, ಆಟೋ ಹತ್ತಿ, ಅವರ ಜೊತೆ ಬೋಗಾದಿಗೆ ಹೋದೆ. ಮನೆ ಮುಂದೆ ಇಳಿಯುವುದಕ್ಕೂ ಹುಡುಗರು ಕಾಲೇಜಿನಿಂದ ಬರುವುದಕ್ಕೂ ಸರಿಹೋಯಿತು. ರಾಯಚೂರು ಕಡೆಯವರು, ಗಟ್ಟಿಮುಟ್ಟಾಗಿ ನಗುನಗುತ್ತಾ ಬಂದರು.

"ಏನ್ರಪ್ಪಾ, ಚೆನ್ನಾಗಿದ್ದೀರಾ? ಮೆಟ್ಟಿಲ ಮೇಲೆ ಒಂದು ಬಟ್ಟಲಿತ್ತಲ್ಲ..." ಆಕೆ ಬಟ್ಟಲಿನ ಅಳತೆಯನ್ನು ಕೈಯಲ್ಲೇ ತೋರಿಸಿದರು.

ಅವರಲ್ಲಿ ಎತ್ತರದವನು ಕೈಮುಗಿದ. "ಆಂಟಿ, ಅದನ್ನ ಹೇಳಾಕ ನಿಮ್ಮನ್ನ ಹುಡುಕಾಕತ್ತಿದ್ವಿರಿ. ಮೈಸೂರಿಗೆ ಬಂದಾಗಿಂದ ಸಾಂಬಾರಿಗೂ ಬೆಲ್ಲ, ಗೊಜ್ಜಿಗೂ ಬೆಲ್ಲ. ನಾಲಿಗಿ ಸತ್ತೇ ಹೋಗಿತ್ತು. ನಿಮ್ಮ ಚಟ್ನಿ ರೊಟ್ಟಿಗೆ ಹಚ್ಕೊಂಡು ಎಲ್ಲಾ ಬಳದು ತಿಂದ್ವಿ. ಭಾಳ ಚೊಲೋ ಇತ್ರಿ."

ಆಕೆ ಮೆಟ್ಟಿಲ ಮೇಲೆ ಕುಸಿದು ಕೂತು ದೇವರಿಗೆ ಕೈಮುಗಿದರು. ಅಷ್ಟಕ್ಕೇ ಬಿಟ್ಟಿದ್ದರೆ ಆಗಿತ್ತು. ಹಿಂದೆ ನಿಂತಿದ್ದ ಇನ್ನೊಬ್ಬ ಮೆತ್ತಗೆ ಸೇರಿಸಿದ: "ಒಂದ್ ಮಾತು ಹೇಳ್ತೀನಿ, ಬ್ಯಾಸರ ಮಾಡ್ಕೋಬ್ಯಾಡ್ರಿ ಆಂಟಿ. ಖಾರ ಒಂದೀಟು ಕಮ್ಮಿ ಆತು."

ಧೈರ್ಯದ ಭಾಷಣ

ಬೇರೆಯವರ ಕಥೆಯನ್ನಷ್ಟೇ ಹೇಳಿ ನನ್ನದನ್ನು ಮುಚ್ಚಿಟ್ಟರೆ ಯಜಮಾನರು ಸುಮ್ಮನಿರುವುದಿಲ್ಲ. ಆದ್ದರಿಂದ ಇದನ್ನೂ ಹೇಳಿಬಿಡುತ್ತೇನೆ.

ಬನ್ನಿಮಂಟಪದ ಕಡೆ ಒಂದು ಬಡಾವಣೆಯ ಮಹಿಳಾ ಸಂಘದವರು ಮನೆ ತರಕಾರಿ ಬಗ್ಗೆ ಮಾತಾಡಲು ಕರೆದಿದ್ದರು. ವೇದಿಕೆ, ಮೈಕು, ಮುಡಿಗೆ ಮಲ್ಲಿಗೆ ದಂಡೆ, ಎಲ್ಲ ಉಪಚಾರ ಆಯಿತು. ನಾನೂ ಹುರುಪಿನಲ್ಲಿ ಶುರು ಮಾಡಿದೆ.

"ಹುಳ ಕಂಡ ಕೂಡಲೇ ಔಷಧಿ ಅಂಗಡಿಗೆ ಓಡಬೇಡಿ. ನನಗೆ ವ್ಯಾಪಾರ ಕಮ್ಮಿಯಾದ್ರೂ ಪರವಾಗಿಲ್ಲ, ಮೊದಲು ಕೈಯಲ್ಲಿ ಹಿಡೀರಿ. ನಾವು ಹೆಂಗಸರು ಹುಳ ಕಂಡ್ರೆ ಕಿರುಚ್ತೀವಿ. ಯಾಕೆ ಕಿರುಚಬೇಕು? ಅದು ನಮ್ಮ ಕಿರುಬೆರಳಷ್ಟೂ ಇಲ್ಲ. ನಮ್ಮನ್ನ ನೋಡಿ ಅದೇ ನಡುಗ್ತಿರುತ್ತೆ. ಎರಡು ಬೆರಳಲ್ಲಿ ಮೆತ್ತಗೆ ಹಿಡಿದು, ಸೋಪಿನ ನೀರಿಗೆ ಹಾಕಿ. ಅಷ್ಟೇ ಕೆಲಸ."

ಜೋರು ಚಪ್ಪಾಳೆ. ಮುಂದಿನ ಸಾಲಿನಲ್ಲಿ ಕೂತಿದ್ದ ವಯಸ್ಸಾದ ಒಬ್ಬಾಕೆ ತಲೆಯಾಡಿಸುತ್ತಾ ಬಹಳ ಮೆಚ್ಚಿಗೆಯಿಂದ ಕೇಳುತ್ತಿದ್ದರು. ನನಗೆ ಇನ್ನಷ್ಟು ಉತ್ಸಾಹ ಬಂತು. ಕಂಬಳಿಹುಳದ ವಿಷಯಕ್ಕೆ ಬಂದೆ. ಅದನ್ನು ಮಾತ್ರ ಬರಿಗೈಲಿ ಮುಟ್ಟಬೇಡಿ, ಕಡ್ಡಿಯಲ್ಲಿ ತೆಗೀರಿ, ರೋಮ ತಾಗಿದರೆ ಮೈಯೆಲ್ಲ ತುರಿಕೆ ಅಂತ ವಿವರಿಸುತ್ತಿದ್ದೆ. ಆಗಲೇ ಕತ್ತಿನ ಹಿಂದೆ ತಣ್ಣಗೆ, ಒದ್ದೆಒದ್ದೆಯಾಗಿ ಏನೋ ಹರಿದ ಹಾಗಾಯಿತು. ನಿಂತಿತು. ಮತ್ತೆ ರವಿಕೆಯ ಕಡೆಗೆ ಇಳಿಯತೊಡಗಿತು.

"ಅಯ್ಯಯ್ಯೋ ಅವ್ವಾ! ತೆಗೀರ್ರೀ! ಯಾರಾದ್ರೂ ತೆಗೀರ್ರೀ!"

ಕೈಲಿ ಮೈಕು ಇತ್ತು. ಇಡೀ ಬಡಾವಣೆಗೆ ಕೇಳಿತು. ಮುಂದಿನ ಮನೆಯ ನಾಯಿಗಳು ಬೊಗಳಿದವು. ಕುರ್ಚಿಯ ಮೇಲೆ ಯಾವಾಗ ಹತ್ತಿದೆನೋ ನನಗೇ ಗೊತ್ತಿಲ್ಲ, ಸೀರೆ ನೆರಿಗೆ ಒಂದು ಕಡೆ, ಕನ್ನಡಕ ಒಂದು ಕಡೆ.

ಮುಂದಿನ ಸಾಲಿನ ಆ ಹಿರಿಯರು ಅವಸರವಿಲ್ಲದೆ ಎದ್ದು ವೇದಿಕೆ ಹತ್ತಿದರು. ನಾನು ಹೇಳಿಕೊಟ್ಟ ಹಾಗೇ, ಎರಡು ಬೆರಳಲ್ಲಿ ಮೆತ್ತಗೆ, ನನ್ನ ಕತ್ತಿನ ಹಿಂದಿನಿಂದ ಅದನ್ನು ಹಿಡಿದು ತೆಗೆದರು. ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು, ಮೈಕಿನ ಹತ್ತಿರ ಬಾಯಿ ತಂದು ಕೇಳಿದರು:

"ಮೇಡಂ, ಇದು ಮಲ್ಲಿಗೆ ದಂಡೆಯ ದಾರ. ಇದನ್ನೂ ಸೋಪಿನ ನೀರಿಗೆ ಹಾಕೋದಾ?"

ಗಂಡು ನೊಣಗಳು

ಹೀರೆ, ಹಾಗಲ, ಸೋರೆ ಬೆಳೆಯುವವರ ಕಾಟ ಬೇರೆ. ಕಾಯಿ ಎಳೆಯದಾಗಿದ್ದಾಗಲೇ ಹಣ್ಣುನೊಣ ಬಂದು ಒಳಗೆ ಮೊಟ್ಟೆಯಿಡುತ್ತದೆ. ಹೊರಗಿಂದ ಕಾಯಿ ಚೆಂದ, ಹೆಚ್ಚಿದರೆ ಒಳಗೆಲ್ಲ ಹುಳ. ಇದಕ್ಕೆ ಮೋಹಕ ಬಲೆ ಅಂತ ಒಂದು ಪ್ಲಾಸ್ಟಿಕ್ ಡಬ್ಬಿ ಬರುತ್ತದೆ. ಚಪ್ಪರಕ್ಕೆ ನೇತುಹಾಕಿದರೆ ಸಾಕು.

ನಮ್ಮ ಬೀದಿಯ ಒಬ್ಬ ಅಜ್ಜಿ, ಹೀರೆ ಚಪ್ಪರದವರು, ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಇದ್ರೊಳಗೆ ಏನೈತೆ? ನೊಣ ಯಾಕೆ ಬಂದು ಬೀಳುತ್ತೆ?" ಅಂತ ಕೇಳಿದರು.

"ಒಳಗೆ ಒಂದು ಬಿಲ್ಲೆ ಇರುತ್ತಜ್ಜಿ. ಅದರ ವಾಸನೆಗೆ, ಹೆಣ್ಣು ಇದೆ ಅಂದ್ಕೊಂಡು ಗಂಡು ನೊಣಗಳು ಹುಡುಕಿಕೊಂಡು ಬರ್ತವೆ. ಬಂದವು ಹೊರಗೆ ಹೋಗಲ್ಲ."

"ಗಂಡು ಮಾತ್ರನಾ?"

"ಗಂಡು ಮಾತ್ರ."

"ಹೆಣ್ಣು ನೊಣ?"

"ಅವು ಬರಲ್ಲ. ಆದ್ರೆ ಗಂಡು ಇಲ್ಲದ ಮೇಲೆ ಮರಿ ಆಗಲ್ವಲ್ಲ. ಕಾಟ ಕಮ್ಮಿಯಾಗುತ್ತೆ."

ಅಜ್ಜಿ ಡಬ್ಬಿಯನ್ನು ಕೌಂಟರ್ ಮೇಲೆ ಇಟ್ಟುಬಿಟ್ಟರು. "ಬ್ಯಾಡ ಕಣವ್ವ. ಹೆಣ್ಣಿನ ಆಸೆ ತೋರ್ಸಿ ಗಂಡಸರನ್ನ ಕೊಲ್ಲೋದಾ? ಪಾಪ, ಮನೇಲಿ ಹೆಂಡ್ತೀರು ಕಾಯ್ತಾ ಕೂತಿರ್ತವೆ. ಅಷ್ಟು ಜನ ಹೆಂಗಸರ ಶಾಪ ಕಟ್ಕೊಂಡು ನಾನು ಹೀರೇಕಾಯಿ ಬಜ್ಜಿ ತಿನ್ನಬೇಕಾ?"

ನಾನು ಬಲವಂತ ಮಾಡಲಿಲ್ಲ. ಕಾಯಿ ಎಳೆಯದಾಗಿರುವಾಗಲೇ ಕಾಗದದ ಚೀಲ ಕಟ್ಟಿ, ಹುಳ ಬಿದ್ದದ್ದನ್ನು ಕಿತ್ತು ಎಸೀರಿ ಅಂತ ಹೇಳಿ ಕಳಿಸಿದೆ.

ಆ ವಾರದಲ್ಲೇ ಅಜ್ಜಿಯ ಮಗಳು, ಅಳಿಯ ಊಟಕ್ಕೆ ಬಂದಿದ್ದರಂತೆ. ತಮ್ಮ ಕೈಯಾರೆ ಬೆಳೆದದ್ದು ಅಂತ ಅಳಿಯನ ಕಣ್ಣೆದುರಿಗೇ ದೊಡ್ಡ ಹೀರೇಕಾಯಿ ಹೆಚ್ಚಿದರಂತೆ. ಹೋಳಿನಿಂದ ಹುಳಗಳು ಎಗರಿ ಎಗರಿ ಅಳಿಯನ ಎಲೆಯ ಸುತ್ತ ಬಿದ್ದವಂತೆ. ಮಾರನೇ ದಿನ ನಾನು ಬಾಗಿಲು ತೆಗೆಯುವುದಕ್ಕೆ ಮುಂಚೆಯೇ ಅಜ್ಜಿ ಜಗಲಿಯ ಮೇಲೆ ಕೂತಿದ್ದರು.

"ಆ ಡಬ್ಬಿ ತೆಗಿಯವ್ವ."

"ಮತ್ತೆ, ಹೆಂಗಸರ ಶಾಪ ಅಂದ್ರಿ?"

"ಏನ್ ಶಾಪ? ಹೆಂಡ್ತಿನ ಬಸುರಿ ಮಾಡಿ, ಮಕ್ಕಳನ್ನ ನನ್ ಹೀರೇಕಾಯಿ ಒಳಗೆ ಸಾಕೋಕೆ ಬುಟ್ಟು, ತಾವು ಇನ್ನೊಬ್ಬಳ ವಾಸನೆ ಹಿಡ್ಕೊಂಡು ಬೀದಿ ಸುತ್ತೋಕೆ ಹೋಗ್ತವಲ್ಲ, ಅಂಥವು ಇದ್ರೆಷ್ಟು ಹೋದ್ರೆಷ್ಟು? ಒಂದಲ್ಲ, ಎರಡು ಕೊಡು!"

ಹಳದಿ ಹಾಳೆ

ಕೊನೆಯದು ನಮ್ಮ ಎದುರುಮನೆಯದು. ಅಲ್ಲಿಯ ಯಜಮಾನರು ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವರ ತಾಯಿ, ಹೆಂಡತಿ, ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಆಸ್ಪತ್ರೆಯೊಂದರಲ್ಲಿ ಲ್ಯಾಬ್ ಟೆಕ್ನಿಷಿಯನ್, ಚುರುಕು ಹುಡುಗಿ. ಅವಳನ್ನು ನೋಡಿಕೊಂಡು ಹೋದ ಗಂಡಿನ ಕಡೆಯವರೆಲ್ಲ "ಮನೆಗೆ ಹೋಗಿ ತಿಳಿಸ್ತೀವಿ" ಅಂತ ಹೋದವರು, ತಿಳಿಸಲೇ ಇಲ್ಲ. ಆ ಮಾತು ಕೇಳಿದರೇ ಅವರ ಮನೆಯಲ್ಲಿ ಎಲ್ಲರ ಮುಖ ಇಳಿದುಹೋಗುತ್ತಿತ್ತು. ಹುಡುಗಿಯಂತೂ, "ಇದೇ ಕೊನೆ. ಇನ್ಮೇಲೆ ಯಾರ ಮುಂದೆನೂ ಕೇಸರಿಬಾತ್ ತಟ್ಟೆ ಹಿಡ್ಕೊಂಡು ಬರಲ್ಲ" ಅಂತ ಹೇಳಿಬಿಟ್ಟಿದ್ದಳು.

ಆ "ಕೊನೆ"ಯ ಗಂಡು ನಂಜನಗೂಡಿನ ಕಡೆಯವನು, ಸರ್ವೇಯರ್. ಅವರು ಬರುವ ಹಿಂದಿನ ದಿನ ಮೆಕ್ಯಾನಿಕ್ಕರು ನನ್ನ ಅಂಗಡಿಗೆ ಬಂದು, "ಟೊಮೆಟೊ ಗಿಡ ಅಲ್ಲಾಡಿಸಿದ್ರೆ ಬಿಳಿ ನೊಣ ಹೊಗೆ ಥರ ಏಳುತ್ತೆ ಮೇಡಂ. ಬೀಗರಾಗೋರು ತಾರಸಿ ನೋಡ್ತೀವಿ ಅಂದ್ರೆ ಮಾನ ಹೋಗುತ್ತೆ" ಅಂದರು. ಹಳದಿ ಅಂಟುಹಾಳೆ ಕೊಟ್ಟೆ. ಎರಡೂ ಕಡೆ ಅಂಟು ಇರುವ ಹಾಳೆ, ಹಳದಿ ಬಣ್ಣಕ್ಕೆ ಮರುಳಾಗಿ ಬಿಳಿ ನೊಣ ಬಂದು ಅಂಟಿಕೊಳ್ಳುತ್ತದೆ. "ಗಿಡದ ಎತ್ತರಕ್ಕೆ ಕಟ್ಟಿ, ಓಡಾಡೋ ದಾರೀಲಿ ಬೇಡ" ಅಂತಲೂ ಹೇಳಿದೆ. ಆದರೆ ಮೆಕ್ಯಾನಿಕ್ಕರು ಸಂಭ್ರಮದಲ್ಲಿದ್ದರು. ದಸರಾ ತೋರಣ ಕಟ್ಟಿದ ಹಾಗೆ ತಾರಸಿ ತುಂಬ ಕಟ್ಟಿಬಿಟ್ಟರು.

ಮಾರನೇ ದಿನ ಬೋಂಡ ಕರಿಯಲು ಕೈ ಸಹಾಯಕ್ಕೆ ಅಂತ ನಾನೂ ಅವರ ಮನೆಯ ಅಡುಗೆಮನೆಯಲ್ಲಿದ್ದೆ. ಗಂಡು, ಅವನ ತಾಯಿ, ಸೋದರಮಾವ ಬಂದರು. ಗಂಡು ಇಸ್ತ್ರಿ ಮಾಡಿದ ಬಿಳಿ ಶರ್ಟು ತೊಟ್ಟು, ಉಸಿರಾಡಿದರೆ ಮುದುರೀತು ಅನ್ನುವ ಹಾಗೆ ಕೂತಿದ್ದ. ತಾಯಿ ಬಹಳ ಬಿಗಿ. ಬೋಂಡ ಮುರಿದು ಒಳಗೆ ನೋಡಿ ತಿನ್ನುವಂಥವರು. ಮಾತು ಮುಂದೆ ಸಾಗಲಿಲ್ಲ. ಕೊನೆಗೆ ಸೋದರಮಾವ, "ಹುಡುಗ ಹುಡುಗಿ ತಾರಸಿ ಮೇಲೆ ಸ್ವಲ್ಪ ಮಾತಾಡ್ಕೊಂಡು ಬರಲಿ ಬಿಡಿ" ಅಂದರು.

ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಹುಡುಗಿಯ ಮುಖ ಕೆಂಪಾಗಿತ್ತು, ತುಟಿ ಬಿಗಿಹಿಡಿದಿದ್ದಳು. ಅಯ್ಯೋ, ಮೇಲೆ ಏನೋ ಜಗಳವಾಗಿದೆ, ಅಳು ತಡ್ಕೊಂಡಿದಾಳೆ ಅಂದುಕೊಂಡೆ. ಹುಡುಗ ಒಂದು ಥರ ಅಡ್ಡಡ್ಡ ನಡೆದು, ಗೋಡೆಗೆ ಬೆನ್ನು ಸವರಿಕೊಂಡೇ ಬಂದು ಸೋಫಾದಲ್ಲಿ ಹಿಂದಕ್ಕೆ ಒರಗಿ ಕೂತ. ಆಮೇಲೆ ಅಲ್ಲಾಡಲೇ ಇಲ್ಲ.

ತಾಯಿ ಸೆರಗು ಸರಿಮಾಡಿಕೊಂಡು, "ಆಯ್ತು, ಮನೆಗೆ ಹೋಗಿ ತಿಳಿಸ್ತೀವಿ" ಅಂದರು.

ಮನೆಯವರ ಮುಖವೆಲ್ಲ ಇಳಿಯಿತು. "ಹೊರಡೋ ಮುಂಚೆ ಅಜ್ಜಿಗೆ ನಮಸ್ಕಾರ ಮಾಡಪ್ಪ" ಅಂದರು ಸೋದರಮಾವ.

ಹುಡುಗ, "ಆಮೇಲೆ ಮಾಡ್ತೀನಿ" ಅಂದ.

"ಆಮೇಲೆ ಅಂದ್ರೆ ಯಾವಾಗ? ಏಳೋ."

ಹುಡುಗ ಎದ್ದ. ಹುಡುಗಿಯ ಅಜ್ಜಿಯ ಕಾಲಿಗೆ ಬಗ್ಗಿದ. ಅವನ ಬೆನ್ನ ಮೇಲೆ, ಆಮೆಗೆ ಚಿಪ್ಪಿದ್ದ ಹಾಗೆ, ಸೋಫಾದ ದಿಂಬು! ಅದರ ಅಂಚಿನಲ್ಲಿ ಹಳದಿ ಹಾಳೆ ಇಣುಕುತ್ತಿತ್ತು, ಹಾಳೆಯ ತುಂಬ ಬಿಳಿ ನೊಣ.

ತಾಯಿ ಧಡಕ್ಕನೆ ಎದ್ದರು. "ಇದೇನ್ರೀ ಇದು! ಮನೆಗೆ ಬಂದೋರಿಗೆ ಅಂಟು ಹಾಕೋದಾ?"

ಮೆಕ್ಯಾನಿಕ್ಕರು ಗಾಬರಿಯಲ್ಲಿ ಸಮಾಧಾನ ಹೇಳಲು ಹೋದರು. "ತಪ್ಪು ತಿಳ್ಕೋಬೇಡಿ ಕಣ್ರೀ, ಅದು ರಸ ಹೀರೋ ಹುಳಕ್ಕೆ ಅಂತ ಕಟ್ಟಿದ್ದು. ಬೇರೆ ಯಾರಿಗೂ ಅಂಟಲ್ಲ."

"ಅಂದ್ರೆ ನನ್ನ ಮಗ ರಸ ಹೀರೋ ಹುಳನಾ?"

ಕೆಲಸ ಕೆಟ್ಟಿತು ಅಂದುಕೊಂಡು ನಾನು ಅಡುಗೆಮನೆಯಿಂದ ಕೊಬ್ಬರಿ ಎಣ್ಣೆ ಬಾಟಲಿ ಹಿಡಿದು ಓಡಿದೆ. ಅಂಟು ಬಿಡಿಸಲು ಅದೇ ಗತಿ. ಒಂದು ಕಡೆ ನಾನು ಎಣ್ಣೆ ಸವರುತ್ತಿದ್ದರೆ ಇನ್ನೊಂದು ಕಡೆ ಸೋದರಮಾವ ದಿಂಬು ಎಳೆಯುತ್ತಿದ್ದರು. ದಿಂಬಿನ ಜೊತೆ ಶರ್ಟೂ ಪರ್ ಅಂತ ಬಂತು.

"ಕೆಳಗೆ ಬಂದ ಕೂಡಲೇ ಹೇಳಬಾರದೇನೋ ದಡ್ಡ!" ತಾಯಿ ಮಗನ ಮೇಲೆ ತಿರುಗಿದರು.

ಹುಡುಗ ತಲೆ ತಗ್ಗಿಸಿಕೊಂಡು, ಹುಡುಗಿಯ ಕಡೆ ಕೈ ತೋರಿಸಿ ಹೇಳಿದ. "ಬೆನ್ನಿಗೆ ಹಾಳೆ ಅಂಟಿದೆ ಅಂತ ಇವರು ಹೇಳಿದ್ರಮ್ಮ. ಕೀಳೋಕೆ ಹೋದ್ರೆ ಶರ್ಟು ಹರಿಯೋ ಥರ ಇತ್ತು. ನಿಮಗೆ ಗೊತ್ತಾದ್ರೆ ಬೈತೀರಿ ಅಂದೆ. ಗೋಡೆಗೆ ಬೆನ್ನು ಕೊಟ್ಕೊಂಡು ನಡೀರಿ, ಸೋಫಾಗೆ ಒರಗಿ ಕೂತ್ಬುಡಿ, ಎಲ್ಲರೂ ಹೊರಗೆ ಹೋದ್ಮೇಲೆ ಕೊನೇಲಿ ಎದ್ದು ಬನ್ನಿ ಅಂತ ಇವರೇ ಐಡಿಯಾ ಕೊಟ್ರು."

ಅಷ್ಟು ಹೊತ್ತೂ ತಡೆದುಕೊಂಡಿದ್ದ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು. ಅವಳನ್ನು ನೋಡಿ ಹುಡುಗನೂ ನಕ್ಕ. ಅಜ್ಜಿ ಇಬ್ಬರನ್ನೂ ಒಂದು ಸಲ ನೋಡಿ, ಬೀಗಿತ್ತಿಯಾಗಬೇಕಾದವರ ಕಡೆ ತಿರುಗಿ ಹೇಳಿದರು: "ನೋಡಿ ಕಣಮ್ಮ. ಇನ್ನೂ ತಾಂಬೂಲನೇ ಆಗಿಲ್ಲ, ಆಗಲೇ ಇಬ್ಬರೂ ಸೇರ್ಕೊಂಡು ಅತ್ತೆಗೆ ಗೊತ್ತಾಗದಂಗೆ ಮುಚ್ಚಿಡೋಕೆ ಶುರು ಮಾಡ್ಬುಟ್ಟವ್ರೆ. ಇನ್ನು ನೀವು ಮನೆಗೋಗಿ ತಿಳಿಸೋದೇನೈತೆ?"

ತಾಯಿಯ ಬಿಗಿ ಮುಖವೂ ಸಡಿಲವಾಯಿತು. ಸೆರಗು ಬಾಯಿಗೆ ಒತ್ತಿಕೊಂಡು ಅವರೂ ನಕ್ಕರು.

ಆ ದಿನ ಹುಡುಗ ಮೆಕ್ಯಾನಿಕ್ಕರ ಚೌಕಳಿ ಶರ್ಟು ತೊಟ್ಟುಕೊಂಡು, ತೋಳು ಬೆರಳು ದಾಟಿ ನೇತಾಡುತ್ತಿದ್ದ ಹಾಗೇ ನಂಜನಗೂಡಿಗೆ ಹೋದ. ಆಮೇಲೆ ಆ ಶರ್ಟು ವಾಪಸ್ಸು ಕೊಡುವುದಕ್ಕೆ ಅಂತ ಎದುರುಮನೆಗೆ ಎಷ್ಟೋ ಸಲ ಬಂದ. ಬಂದಾಗಲೆಲ್ಲ ಶರ್ಟು ಮರೆತು ಬಂದ. ಆಷಾಢ ಕಳೆಯುವುದನ್ನೇ ಕಾದು ಮದುವೆ ಮಾಡಿದರು.

ಮದುವೆ ಊಟದ ಪಂಕ್ತಿಯಲ್ಲಿ ನಾನು ಹೋಳಿಗೆ ಮುರಿಯುತ್ತಿದ್ದೆ. ಅಜ್ಜಿ ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂತರು. ಅತ್ತಿತ್ತ ನೋಡಿ, ನನ್ನ ಕಿವಿಯ ಹತ್ತಿರ ಬಗ್ಗಿದರು.

"ಅಂಗಡಿಯವ್ವ, ಆ ಹಳದಿ ಹಾಳೆ ಇನ್ನೊಂದು ಎತ್ತಿಟ್ಟಿರು. ನಮ್ಮ ಎರಡನೇ ಮೊಮ್ಮಗಳನ್ನ ನೋಡೋಕೆ ಮುಂದಿನ ವಾರ ಬರ್ತಾವ್ರೆ."